ಮೂವತ್ತೆರಡು ಹಲ್ಲು

ಒತೊನಿಯೆಲ್ ಹಿಂದಿನ ಗಾಲಿ ಬಿಚ್ಚಿ
ಸವೆದ ಚಕ್ರ ತೆಗೆದಿಟ್ಟು
ತಟ್ಟೆಯಗಲದ ಹೊಸದೊಂದನ್ನು
ಎಣ್ಣೆಗೈಯಲ್ಲಿ ಎತ್ತಿ ಹಿಡಿದ:
“ಎಣಿಸಿಕೊ ಎದಿಲ್ಮಾ, ಮೂವತ್ತೆರಡು ಹಲ್ಲು.
ನಿನ್ನ ಕಸುಬಿನದೇ ಲೆಕ್ಕ.”

ನಿಜ. ಇಪ್ಪತ್ತಾರು ವರ್ಷದಿಂದ
ಮನಿಸಾಲೆಸ್‌ನ ಕಿಟಕಿಯಿಲ್ಲದ ಕೋಣೆಯಲ್ಲಿ
ಮೇಣ ಕರಗಿಸಿ, ಗುಲಾಬಿ ವಸಡು ತೀಡಿ,
ಮುಖ ನೋಡದವರ ಬಾಯಿಗೆ ಹಲ್ಲು ಕಟ್ಟುತ್ತೇನೆ.
ಕಾಲಿದ್ದಾಗ ಸೈಕಲ್ ಇರಲಿಲ್ಲ.
ಸೈಕಲ್ ಬಂದಾಗ ಐವತ್ತೊಂದು,
ಮಂಡಿಯೊಳಗೆ ಮರಳು.

ಊರಾಚೆಯ ಏರಿಗೆ ಎಲ್ ಸುಸ್ಪೀರೊ ಎಂದು ಹೆಸರು.
ನಿಟ್ಟುಸಿರು ಅಂತ ಅರ್ಥ.
ಇಟ್ಟವನು ಹೇಸರಗತ್ತೆ ಹೊಡೆದುಕೊಂಡು ಹೋದವನಿರಬೇಕು,
ಅಥವಾ ಹೇಸರಗತ್ತೆಯೇ.
ಹನ್ನೊಂದು ಕಿಲೋಮೀಟರು, ಹದಿನಾಲ್ಕು ತಿರುವು.

ಮೊದಲ ಭಾನುವಾರ ಬುಡದಲ್ಲೇ ಎದ್ದು ನಿಂತು ತುಳಿದೆ.
ಮೂರನೇ ತಿರುವಿಗೆ ಕಾಫಿ ಗಿಡಗಳು
ಹಿಂದೆ ಸರಿಯುವುದನ್ನು ಬಿಟ್ಟು
ನನ್ನನ್ನೇ ನೋಡತೊಡಗಿದವು.
ಬಾಳೆಗೊನೆಯ ಜೀಪಿಗೆ ಜೋತುಬಿದ್ದ ಹುಡುಗನೊಬ್ಬ
ಟೋಪಿ ತೆಗೆದು ಎದೆಗಿಟ್ಟುಕೊಂಡ,
ಶವ ಹೋಗುವಾಗ ಮಾಡುವ ಹಾಗೆ.
ಎರಡನೇ ವಾರ ಐದನೇ ತಿರುವು.
ಮೂರನೇ ವಾರ ಮತ್ತೆ ನಾಲ್ಕೇ.
ಆಮೇಲಿನ ವಾರ ಮಳೆ. ದೇವರು ದೊಡ್ಡವನು.

ಒತೊನಿಯೆಲ್ ಬೈಯಲಿಲ್ಲ. ಕಾಫಿ ಸೋಸುತ್ತ ಹೇಳಿದ:
ಬೇಕೆನಿಸುವ ಮೊದಲೇ ಗೇರು ಇಳಿಸು.
ಹಸಿಯುವ ಮೊದಲೇ ತಿನ್ನು.
ಮಾತಾಡಲು ಉಸಿರು ಉಳಿಯುವಷ್ಟೇ ವೇಗ;
ಜೊತೆಗೆ ಯಾರೂ ಇಲ್ಲವೆ, ಸಂತರ ಹೆಸರು ಹೇಳಿಕೊ,
ಇಲ್ಲಾ ಸಾಲ ತಿರುಗಿಸದವರ ಹೆಸರು.
ಮತ್ತೆ, ಆ ದವಡೆ ಸಡಿಲ ಬಿಡು ತಾಯಿ,
ಹಲ್ಲು ಕಚ್ಚಿದರೆ ಬೆಟ್ಟ ಸವೆಯುವುದಿಲ್ಲ.

ಸವೆಯುವುದು ಯಾವುದೆಂದು ನನಗಿಂತ ಯಾರಿಗೆ ಗೊತ್ತು.

ಕಾಲಿಗೆ ಬುದ್ಧಿ ಹೇಳಲು ಕಲಿತೆ,
ಓಡಲಿಕ್ಕಲ್ಲ, ಓಡದಿರಲಿಕ್ಕೆ.
ಕೂತೇ ತುಳಿ. ಭುಜ ಇಳಿಸು.
ತುದಿಯನ್ನು ನೋಡಬೇಡ; ದೂರದ ಬೆಟ್ಟ ನುಣ್ಣಗೆ,
ಹತ್ತಿರದ್ದಕ್ಕೆ ಟಾರು ಕಿತ್ತಿದೆ.
ಮುಂದಿನ ಬಿಳಿ ಗೆರೆ ಸಾಕು. ಅದಾದ ಮೇಲೆ ಇನ್ನೊಂದು.
ಒಂಬತ್ತರಲ್ಲಿ ಕಂದು ನಾಯಿ ಬೊಗಳುತ್ತ ಜೊತೆಗೆ ಬಂತು,
ಬೇಸರವಾಗಿ ಮುಂದೆ ಹೋಯಿತು.
ಹತ್ತರಲ್ಲಿ ನೀಲಗಿರಿಯ ವಾಸನೆ, ಲಾರಿಯ ಬಿಸಿ ಹೊಗೆ,
ಸೇಬೆಹಣ್ಣಿನ ಮಿಠಾಯಿಯ ಎಲೆ ಬಿಡಿಸಲಾಗದೆ
ಎಲೆಸಮೇತ ಕಚ್ಚಿದೆ.
ಹನ್ನೆರಡರಿಂದ ಮಂಜು. ಏರು ಕಾಣದಿದ್ದರೂ
ತೊಡೆಗೆ ಚೆನ್ನಾಗಿ ಕಾಣುತ್ತಿತ್ತು.
ಸಾಲಗಾರರು ಮುಗಿದರು. ಸಂತರಿಗೆ ಬಂದೆ.

ಆಮೇಲೆ ಪೆಡಲು ಇದ್ದಕ್ಕಿದ್ದಂತೆ ಹಗುರ.
ಏನೋ ಮುರಿಯಿತೆಂದೇ ಅಂದುಕೊಂಡೆ.
ಮುರಿದಿರಲಿಲ್ಲ. ರಸ್ತೆ ಮಟ್ಟಸವಾಗಿತ್ತು.

ತಗಡಿನ ಗೂಡಂಗಡಿ, ಸೌದೆ ಒಲೆ.
ಶಾಲು ಹೊದ್ದ ಮುದುಕಿ ಬೆಲ್ಲದ ಬಿಸಿನೀರು ಬಗ್ಗಿಸಿ,
ಒಂದು ತುಂಡು ಗಿಣ್ಣು ಹಾಕಿ, ಲೋಟ ಕೊಡುತ್ತ ನಕ್ಕಳು.
ನನ್ನ ಕೈ ನಿಂತಿತು.
ಮೇಲಿನ ಸಾಲು, ಎಡಕ್ಕೆ ಎರಡನೆಯದು, ತುಸು ವಾರೆ.
ಮೂರು ವರ್ಷದ ಹಿಂದಿನ ಚೀಟಿ: ‘ಬೆರ್ನಾರ್ದಾ’,
ಕೆಳಗೆ ವೈದ್ಯರ ಗೀಚು:
‘ಆ ಹಲ್ಲು ಮೊದಲಿನ ಹಾಗೇ ವಾರೆ ಇರಬೇಕಂತೆ,
ಇಲ್ಲದಿದ್ದರೆ ಸ್ವರ್ಗದಲ್ಲಿ ಗಂಡ
ಗುರುತು ಹಿಡಿಯುವುದಿಲ್ಲವಂತೆ.’
ಅದೊಂದು ಹಲ್ಲನ್ನು ಸರಿಯಾಗಿ ತಪ್ಪಿಸಲು
ಎರಡು ಸಂಜೆ ಹಿಡಿದಿತ್ತು.

“ಏರು ಕಷ್ಟವಾಯಿತೆ?” ಎಂದಳು.
“ಅಷ್ಟೇನಿಲ್ಲ” ಎಂದೆ,
ಅನ್ನುವಷ್ಟರಲ್ಲಿ ಬೆಟ್ಟದ ಹೆಸರೇ
ಬಾಯಿಂದ ಉದ್ದಕ್ಕೆ ಹೊರಬಂತು.
ಅವಳು ಗಹಗಹಿಸಿದಳು.

ನಗುವಾಗ ಕೆಳಗಿನ ಸಾಲು ಟಿಕ್ಕೆಂದು ಅಲುಗಿತು.
ಬಲಗಡೆ ಕೂದಲೆಳೆಯಷ್ಟು ಸಡಿಲ.
ಇಲ್ಲಿಂದ ಇವಳು ಊರಿಗೆ ಇಳಿಯುವುದು ಯಾವಾಗಲೋ.
ಇಲ್ಲ, ಬರುವ ಭಾನುವಾರ
ಅರ, ಮೇಣ, ಪುಟ್ಟ ದೀಪ,
ಎಲ್ಲ ಸೇರಿ ಆರುನೂರು ಗ್ರಾಂ
ಬೆನ್ನಿಗೆ ಕಟ್ಟಿಕೊಂಡು ಮತ್ತೆ ಹತ್ತಬೇಕು.

ಒತೊನಿಯೆಲ್‌ಗೆ ಕೇಳಬೇಕು,
ಮೂವತ್ತನಾಲ್ಕು ಹಲ್ಲಿನದು ಸಿಗುತ್ತದೆಯೇ ಅಂತ.